ಎದೆಬಡಿತ ಮರಳಿದ ಮೇಲಿನ ಕೆಲಸ

ಮಕ್ಕಳ ತೀವ್ರ ನಿಗಾ ಘಟಕದ ನರ್ಸ್ ಎಂದು ಗೊತ್ತಾದರೆ ಸಾಕು, ಮದುವೆ ಮನೆಗಳಲ್ಲಿ ಜನ ನನ್ನನ್ನು ಕೇಳುವುದು ಒಂದೇ ಮಾತು: ‘ನಿಂತುಹೋದ ಹೃದಯ ಮತ್ತೆ ಹೊಡೆದುಕೊಂಡಿದ್ದನ್ನು ಕಣ್ಣಾರೆ ನೋಡಿದ್ದೀರಾ?’ ನೋಡಿದ್ದೇನೆ. ‘ಆಮೇಲೆ ಏನು ಮಾಡಿದಿರಿ?’ ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಮಾನಿಟರಿನ ಗೆರೆ ಏರಿಳಿಯತೊಡಗಿದರೆ ಕಥೆ ಮುಗಿಯಿತು, ಡಾಕ್ಟರು ಬೆವರು ಒರೆಸಿಕೊಂಡು ಹೊರಗೆ ಬಂದು ‘ನಿಮ್ಮ ಮಗು ಬದುಕಿತು’ ಎನ್ನುತ್ತಾರೆ ಎಂದು ಅವರು ನಂಬಿದ್ದಾರೆ. ಆ ಹೊತ್ತಿನಲ್ಲಿ ಆ ಮಾತನ್ನು ಆಡುವ ಡಾಕ್ಟರನ್ನು ನಾನು ಕಂಡಿಲ್ಲ. ಎದೆಯೊತ್ತುವ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಮಿದುಳನ್ನು ಕಾಯುವ ಕೆಲಸಕ್ಕೆ ದಿನಗಳು ಹಿಡಿಯುತ್ತವೆ, ಅದರಲ್ಲಿ ದೊಡ್ಡ ಪಾಲು ನರ್ಸುಗಳದ್ದು. ನಾನು ಬರೆಯಬೇಕೆಂದುಕೊಂಡಿರುವುದು ಆ ಎರಡನೆಯ ಕೆಲಸದ ಬಗ್ಗೆ. ಮೊದಲನೆಯದನ್ನು ಬಿಟ್ಟು ಅದನ್ನು ಹೇಳಲು ಬರುವುದಿಲ್ಲ, ಹಾಗಾಗಿ ನಾಲೆಯಿಂದಲೇ ಆರಂಭಿಸುತ್ತೇನೆ.

ಬೇಸಿಗೆ ಭತ್ತಕ್ಕೆಂದು ಭದ್ರಾ ನಾಲೆಯಲ್ಲಿ ನೀರು ಬಿಟ್ಟಿದ್ದ ದಿನಗಳು. ದಾವಣಗೆರೆ, ಹರಿಹರದ ಸುತ್ತಿನ ಅಚ್ಚುಕಟ್ಟಿನ ಹಳ್ಳಿಗಳಲ್ಲಿ ಬಟ್ಟೆ ಒಗೆಯುವುದು ನಾಲೆಯಲ್ಲಿ, ಎಮ್ಮೆಯ ಮೈ ತೊಳೆಯುವುದು ನಾಲೆಯಲ್ಲಿ, ಮಕ್ಕಳು ಆಡುವುದೂ ಅದರ ದಡದಲ್ಲಿ. ಪಾಚಿ ಹಿಡಿದ ಇಳಿಜಾರಿನಲ್ಲಿ ದೊಡ್ಡವರ ಕಾಲೇ ನಿಲ್ಲುವುದಿಲ್ಲ. ಅಜ್ಜಿ ಬಟ್ಟೆ ಹಿಂಡುತ್ತಿದ್ದಾಗ ನಾಲ್ಕು ವರ್ಷದ ಮೊಮ್ಮಗಳು ಜಾರಿದಳು. ಕೆಳಗೆ ತೂಬಿನ ಬಳಿ ನೀರು ತಿರುಗಿಸುತ್ತಿದ್ದ ನೀರುಗಂಟಿಗೆ ತೇಲಿ ಬರುತ್ತಿದ್ದ ಕೆಂಪು ಲಂಗ ಕಾಣಿಸಿತು, ಹಾರಿ ಎತ್ತಿದ. ಎಷ್ಟು ಹೊತ್ತು ನೀರಿನಲ್ಲಿದ್ದಳೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ‘ಒಂದು ಬೀಡಿ ಸೇದುವಷ್ಟು’ ಎಂದವರೂ ಇದ್ದರು. ನಮ್ಮ ಡಾಕ್ಟರು ಕೇಸ್ ಶೀಟಿನಲ್ಲಿ ‘ಬಹುಶಃ ಐದು ನಿಮಿಷದೊಳಗೆ, ಖಚಿತವಿಲ್ಲ’ ಎಂದು ಬರೆದರು.

ದಡಕ್ಕೆ ತಂದಾಗ ಉಸಿರಿರಲಿಲ್ಲ. ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸಿ ಎಂದರು ಕೆಲವರು, ಹೊಟ್ಟೆ ಒತ್ತಿ ನೀರು ಕಕ್ಕಿಸಿ ಎಂದರು ಇನ್ನು ಕೆಲವರು, ಒಬ್ಬ ಉಪ್ಪಿನ ಚೀಲ ತರಲು ಅಂಗಡಿಗೆ ಓಡಿದನಂತೆ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಕೆಲವು ಗಂಟೆಗಳಲ್ಲಿ ಎದ್ದು ಕೂರುತ್ತಾರೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇರುತ್ತದೆ. ಅದನ್ನು ನಂಬಿ ಮಗುವಿನ ಶವವನ್ನು ಉಪ್ಪಿನಲ್ಲಿ ಮುಚ್ಚಿ ಕಾದು ಕುಳಿತವರ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿಯೇ ಬಂದಿದೆ. ಉಪ್ಪಿನಿಂದ ಶ್ವಾಸಕೋಶದ ನೀರು ಹೊರಗೆ ಬರುವುದಿಲ್ಲ. ಹೊಟ್ಟೆ ಒತ್ತಿದರೆ ಅಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಉಸಿರು ಕೊಡಬಹುದಾಗಿದ್ದ ನಾಲ್ಕಾರು ನಿಮಿಷಗಳು ಇಂಥ ಸಲಹೆಗಳಲ್ಲಿಯೇ ಕಳೆದುಹೋಗುತ್ತವೆ.

ನೀರುಗಂಟಿ ಯಾರ ಮಾತನ್ನೂ ಕೇಳಲಿಲ್ಲ. ಮಗುವಿನ ಬಾಯಿಗೆ ಬಾಯಿಟ್ಟು ಊದಿದ, ಮತ್ತೆ ಮತ್ತೆ ಊದಿದ. ಕಾರಿನಲ್ಲಿ ಹಾಕಿಕೊಂಡು ಬರುವಾಗಲೂ ಹಿಂದಿನ ಸೀಟಿನಲ್ಲಿ ಊದುತ್ತಲೇ ಬಂದ. ಆಸ್ಪತ್ರೆಯ ಮೆಟ್ಟಿಲ ಬಳಿ ಒದ್ದೆ ಬಟ್ಟೆಯಲ್ಲೇ ನಿಂತಿದ್ದವನನ್ನು ಆಮೇಲೆ ಡಾಕ್ಟರು ‘ಇದನ್ನು ಎಲ್ಲಿ ಕಲಿತೆಯಪ್ಪ?’ ಎಂದು ಕೇಳಿದರು. ‘ಯಾರೂ ಕಲಿಸಿಲ್ಲ ಸರ್. ಕರು ಹುಟ್ಟಿದಾಗ ಉಸಿರೆಳೆಯದಿದ್ದರೆ ಮೂಗಿನಲ್ಲಿ ಊದುತ್ತೇವಲ್ಲ, ಹಾಗೆ ಊದಿದೆ’ ಎಂದ. ಡಾಕ್ಟರು ಅವನ ಕೈ ಹಿಡಿದುಕೊಂಡರು.

ಅವನು ಮಾಡಿದ್ದು ಏಕೆ ಸರಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಸಿ.ಪಿ.ಆರ್. (ಎದೆಯೊತ್ತಿ, ಉಸಿರು ಕೊಟ್ಟು ಬದುಕಿಸುವ ವಿಧಾನ) ಎಂಬ ಮಾತು ಹಳ್ಳಿಗಳಿಗೂ ತಲುಪಿತು, ಒಳ್ಳೆಯದೇ ಆಯಿತು. ಆದರೆ ಜನರ ಮನಸ್ಸಿನಲ್ಲಿ ನಿಂತಿರುವುದು ದೊಡ್ಡವರ ಹೃದಯಸ್ತಂಭನದ ಚಿತ್ರ. ದೊಡ್ಡವರಲ್ಲಿ ಬಹಳ ಸಲ ಮೊದಲು ಕೆಡುವುದು ಹೃದಯವೇ. ಅದು ದಿಢೀರನೆ ನಿಂತಾಗ ರಕ್ತದಲ್ಲಿ ಇನ್ನೂ ಆಮ್ಲಜನಕ ಇರುತ್ತದೆ, ಎದೆಯೊತ್ತಿ ಆ ರಕ್ತವನ್ನು ಓಡಾಡಿಸಿದರೂ ಮೊದಲ ಕೆಲವು ನಿಮಿಷಕ್ಕೆ ಆಸರೆಯಾಗುತ್ತದೆ. ಮಕ್ಕಳ ಹೃದಯ ಸಾಮಾನ್ಯವಾಗಿ ಗಟ್ಟಿ. ನ್ಯುಮೋನಿಯಾ, ಗಂಟಲಲ್ಲಿ ಸಿಕ್ಕಿದ ಶೇಂಗಾ ಬೀಜ, ನೀರಲ್ಲಿ ಮುಳುಗಿದ್ದು, ವಾಂತಿಭೇದಿ, ಡೆಂಗಿಯ ಆಘಾತ, ಹೀಗೆ ಉಸಿರೋ ರಕ್ತಸಂಚಾರವೋ ಮೊದಲು ಸೋಲುತ್ತದೆ. ಆಮ್ಲಜನಕ ಬರಿದಾಗುತ್ತ ಹೋಗಿ ಹೃದಯ ನಿಧಾನವಾಗಿ, ಎಲ್ಲಕ್ಕಿಂತ ಕೊನೆಗೆ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ರಕ್ತದಲ್ಲಿ ಓಡಾಡಿಸಲು ಆಮ್ಲಜನಕವೇ ಉಳಿದಿರುವುದಿಲ್ಲ. ಆದ್ದರಿಂದ ಮಕ್ಕಳಿಗೆ, ಅದರಲ್ಲೂ ಮುಳುಗಿದವರಿಗೆ, ಎದೆಯೊತ್ತುವುದರ ಜೊತೆಗೆ ಉಸಿರು ಕೊಡಲೇಬೇಕು. ಇನ್ನೊಂದು ಮಾತು: ನಿಲ್ಲುವ ಮೊದಲು ಹೃದಯ ನಿಧಾನವಾಗುವ ಆ ಹಂತವೇ ನಮಗೆ ಸಿಗುವ ಅವಕಾಶ. ಸರಿಯಾಗಿ ಉಸಿರು ಕೊಟ್ಟರೂ ನಾಡಿ ನಿಮಿಷಕ್ಕೆ 60ಕ್ಕಿಂತ ಕೆಳಗಿದ್ದು ಮೈ ಬಿಳಿಚಿಕೊಂಡಿದ್ದರೆ, ಪೂರ್ತಿ ನಿಲ್ಲಲಿ ಎಂದು ಕಾಯದೆ ಎದೆಯೊತ್ತಲು ಆರಂಭಿಸುತ್ತೇವೆ.

ಕ್ಯಾಶುವಾಲ್ಟಿಯಿಂದ ಫೋನ್ ಬಂದಾಗ ನಾನು ಕ್ರ್ಯಾಶ್ ಕಾರ್ಟ್, ಅಂದರೆ ತುರ್ತು ಸಲಕರಣೆಗಳ ಗಾಡಿ, ಪರೀಕ್ಷಿಸುತ್ತಿದ್ದೆ. ಪ್ರತಿ ಪಾಳಿಯ ಆರಂಭದಲ್ಲಿ ಮಾಡುವ ಕೆಲಸ ಇದು, ಬೇಸರದ ಕೆಲಸವೂ ಹೌದು: ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ದೀಪ ಹತ್ತುತ್ತದೆಯೇ, ಕೈಯಿಂದ ಹಿಚುಕಿ ಉಸಿರು ಕೊಡುವ ಮಕ್ಕಳ ಅಳತೆಯ ಆಂಬು ಬ್ಯಾಗು ಮತ್ತು ಮಾಸ್ಕುಗಳು ಎಲ್ಲ ಇವೆಯೇ, ಹೃದಯಕ್ಕೆ ಚುರುಕು ಕೊಡುವ ಅಡ್ರಿನಲಿನ್ ಎಷ್ಟಿದೆ, ಮೂಳೆಗೆ ಹಾಕುವ ಸೂಜಿ ಇದೆಯೇ, ಗಂಟಲಿನ ಕಫ, ನೀರು ಹೀರುವ ಸಕ್ಷನ್ ಎಳೆಯುತ್ತದೆಯೇ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಈ ಪಟ್ಟಿಗೆ ಸಹಿ ಮಾಡದೆ ಯಾರನ್ನೂ ಟೀ ಕುಡಿಯಲು ಬಿಡುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಯರು ಬೆನ್ನ ಹಿಂದೆ ಬೈದುಕೊಳ್ಳುತ್ತಾರೆ. ಮೊದಲ ಸಲ ಎದೆಯೊತ್ತುವಾಗ ಕೈಗೆ ಬೇಕಾದ್ದು ಬೇಕಾದ ಕಡೆ ಸಿಕ್ಕ ಮೇಲೆ ಬೈಗುಳ ನಿಲ್ಲುತ್ತದೆ.

ಫೋನಿನಲ್ಲಿ ಹೇಳಿದ್ದು: ನಾಲ್ಕು ವರ್ಷ, ನೀರಿನಲ್ಲಿ ಮುಳುಗಿದ್ದು, ಅಲ್ಲಿ ಆಂಬು ಬ್ಯಾಗಿನಲ್ಲಿ ಉಸಿರು ಕೊಡುತ್ತಿದ್ದಾರೆ, ನಾಡಿ 70, ಮೇಲಕ್ಕೆ ಕಳುಹಿಸುತ್ತಿದ್ದೇವೆ. ಮಕ್ಕಳ ಔಷಧಿ ಎಲ್ಲವೂ ತೂಕದ ಲೆಕ್ಕ. ಗಾಬರಿಯಲ್ಲಿ ಗುಣಾಕಾರ ತಪ್ಪುತ್ತದೆ ಎಂದು ನಾವು ಬಿಳಿ ಹಲಗೆಯ ಮೇಲೆ ಮೊದಲೇ ಬರೆದಿಟ್ಟುಕೊಳ್ಳುತ್ತೇವೆ. ಅಂದಾಜು 14 ಕಿಲೋ ಎಂದು ಹಿಡಿದೆವು. ಉಸಿರಿಗಾಗಿ ಶ್ವಾಸನಾಳಕ್ಕೆ ಹಾಕುವ ಟ್ಯೂಬಿನ ಅಳತೆ: ವಯಸ್ಸನ್ನು ನಾಲ್ಕರಿಂದ ಭಾಗಿಸಿ ಮೂರೂವರೆ ಕೂಡಿಸಿದರೆ 4.5 ಮಿಲಿಮೀಟರ್. ಒಳಗೆ ಕೂರಿಸುವ ಆಳ ಅದರ ಮೂರರಷ್ಟು, ಹದಿಮೂರೂವರೆ ಸೆಂಟಿಮೀಟರ್. ಅಡ್ರಿನಲಿನ್ ಕಿಲೋಗೆ 0.01 ಮಿಲಿಗ್ರಾಂ. ನಮಗೆ ಬರುವ, ಒಂದು ಮಿಲಿಗ್ರಾಂ ಔಷಧವಿರುವ ಒಂದು ಮಿಲಿಯ ಆಂಪ್ಯೂಲಿಗೆ ಒಂಬತ್ತು ಮಿಲಿ ಸಲೈನ್ ಸೇರಿಸಿ ಹತ್ತು ಮಾಡಿಕೊಂಡರೆ, ಈ ಮಗುವಿಗೆ ಅದರಲ್ಲಿ 1.4 ಮಿಲಿ. ಸಿರಿಂಜಿನಲ್ಲಿ ಎಳೆದು, ಲೇಬಲ್ ಅಂಟಿಸಿ, ಟ್ರೇಯಲ್ಲಿ ಇಟ್ಟೆ. ಎದೆಯೊತ್ತುವವರು ಇಬ್ಬರು, ಉಸಿರಿಗೆ ಒಬ್ಬರು, ಔಷಧಿಗೆ ನಾನು, ಸಮಯ ಬರೆದುಕೊಳ್ಳಲು ಒಬ್ಬಳು. ಡಾಕ್ಟರ್ ಮೇಡಂ ಮಂಚದ ಕಾಲ ಬಳಿ ಕೈಕಟ್ಟಿ ನಿಂತರು. ನಾಯಕರಾದವರು ಏನನ್ನೂ ಮುಟ್ಟಬಾರದು, ಎಲ್ಲವನ್ನೂ ನೋಡಬೇಕು. ನೋಡುಗರಿಗೆ ಅವರು ಸುಮ್ಮನೆ ನಿಂತಂತೆ ಕಾಣುತ್ತದೆ, ಕೆಲವು ಸಂಬಂಧಿಕರು ಸಿಟ್ಟಾಗಿದ್ದೂ ಉಂಟು.

ಮಗು ಬಂದಾಗ ತುಟಿ ನೇರಳೆ ಬಣ್ಣ. ಕೂದಲಲ್ಲಿ ಕೆಸರು, ಕಿವಿಯ ಮಡಿಕೆಯಲ್ಲಿ ಮರಳು, ಸೊಂಟದ ಉಡಿದಾರದಲ್ಲಿ ತಾಯಿತ. ಸ್ಟ್ರೆಚರಿನಿಂದ ಮಂಚಕ್ಕೆ ಹಾಕುವಷ್ಟರಲ್ಲಿ ಮಾನಿಟರಿನಲ್ಲಿ 50, 42, ಆಮೇಲೆ ಗೆರೆ ಓಡುತ್ತಿದ್ದರೂ ತೊಡೆಯ ಸಂದಿನಲ್ಲಿ ಬೆರಳಿಗೆ ನಾಡಿ ಸಿಗಲಿಲ್ಲ. ನಾಡಿ ಹುಡುಕಲು ಹತ್ತು ಸೆಕೆಂಡಿಗಿಂತ ಹೆಚ್ಚು ಕೊಡಬಾರದು. ‘ಶುರು ಮಾಡಿ’ ಎಂದರು ಮೇಡಂ.

ಬೆನ್ನ ಕೆಳಗೆ ಹಲಗೆ, ಎದೆಯ ಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ. ಎದೆಯ ದಪ್ಪದ ಮೂರನೆಯ ಒಂದು ಭಾಗ ತಗ್ಗಬೇಕು. ಈ ವಯಸ್ಸಿಗೆ ಸುಮಾರು ಐದು ಸೆಂಟಿಮೀಟರ್. ನಿಮಿಷಕ್ಕೆ 100ರಿಂದ 120 ಬಾರಿ. ಪ್ರತಿ ಸಲ ಎದೆ ಪೂರ್ತಿ ಮೇಲೆದ್ದು ಬರಬೇಕು, ಇಲ್ಲವಾದರೆ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಎಡೆ ಇರುವುದಿಲ್ಲ. ಹದಿನೈದು ಸಲ ಒತ್ತಿ ಎರಡು ಉಸಿರು, ಮತ್ತೆ ಹದಿನೈದು. ಒತ್ತುವವರು ಎರಡು ನಿಮಿಷಕ್ಕೆ ಬದಲಾಗಬೇಕು. ತನಗೆ ದಣಿವಾಗಿಲ್ಲ ಎಂದು ಒತ್ತುವವರಿಗೆ ಅನ್ನಿಸುತ್ತದೆ, ಆಳ ಮಾತ್ರ ಕಡಿಮೆಯಾಗುತ್ತ ಹೋಗಿರುತ್ತದೆ. ಅಷ್ಟು ಪುಟ್ಟ ಎದೆಯನ್ನು ಅಷ್ಟು ಬಲವಾಗಿ ಒತ್ತಲು ಹೊಸಬರಿಗೆ ಕೈ ಬರುವುದಿಲ್ಲ. ತರಬೇತಿಯ ಬೊಂಬೆಯ ಮೇಲೆ ಎಷ್ಟು ಒತ್ತಿ ಕಲಿತಿದ್ದರೂ, ನಿಜವಾದ ಮಗುವಿನ ಚರ್ಮ ಕೈಗೆ ತಗಲಿದಾಗ ಮನಸ್ಸು ಹಿಂಜರಿಯುತ್ತದೆ. ಮೇಡಂ ‘ಇನ್ನೂ ಆಳ’ ಎಂದು ಕೂಗಿದ್ದು ಅದಕ್ಕೇ.

ಕೈಯಲ್ಲಿ ರಕ್ತನಾಳ ಸಿಗಲಿಲ್ಲ. ತಣ್ಣಗಾದ ಮಗುವಿಗೆ ಸಿಗುವುದೂ ಇಲ್ಲ. ಅದನ್ನೇ ಹುಡುಕುತ್ತ ಕೂರದೆ ಇನ್ನೊಬ್ಬ ಡಾಕ್ಟರು ಮೊಣಕಾಲಿನ ಗಂಟಿನ ಕೆಳಗೆ, ಒಳಬದಿಯ ಚಪ್ಪಟೆ ಮೂಳೆಯ ಮೇಲೆ ಸೂಜಿಯನ್ನು ಇಟ್ಟು ತಿರುಗಿಸುತ್ತ ಒತ್ತಿದರು. ಒಂದು ಕ್ಷಣ ಗಟ್ಟಿಯಾಗಿದ್ದದ್ದು ಥಟ್ಟನೆ ಸಡಿಲವಾಯಿತು, ಸೂಜಿ ಮಜ್ಜೆ ತಲುಪಿ ಹಿಡಿಯದೆಯೇ ನೆಟ್ಟಗೆ ನಿಂತಿತು. ರಕ್ತನಾಳಕ್ಕೆ ಕೊಡುವ ಯಾವ ಔಷಧವನ್ನೂ ಈ ದಾರಿಯಲ್ಲಿ ಕೊಡಬಹುದು. ನಾನು ‘ಅಡ್ರಿನಲಿನ್ 1.4 ಮಿಲಿ ಕೊಡುತ್ತಿದ್ದೇನೆ’ ಎಂದು ಗಟ್ಟಿಯಾಗಿ ಹೇಳಿದೆ, ಕೊಟ್ಟು ‘ಕೊಟ್ಟಾಯಿತು’ ಎಂದೆ, ಬರೆದುಕೊಳ್ಳುವವಳು ಸಮಯ ಓದಿದಳು. ಮೂರರಿಂದ ಐದು ನಿಮಿಷಕ್ಕೊಮ್ಮೆ ಇದೇ ಪಾಠ. ಸಿನಿಮಾದಲ್ಲಿ ತೋರಿಸುವ ವಿದ್ಯುತ್ ಆಘಾತ ಈ ಮಗುವಿಗೆ ಬೇಕಿರಲಿಲ್ಲ. ಲಯ ತಪ್ಪಿ ಅದುರುವ ಹೃದಯಕ್ಕೆ ಮಾತ್ರ ಅದು, ಮಕ್ಕಳಲ್ಲಿ ಹಾಗಾಗುವುದು ಕಡಿಮೆ.

ಟ್ಯೂಬ್ ಹಾಕುವ ಮೊದಲು ಗಂಟಲಿನ ಸಕ್ಷನ್ನಿನಲ್ಲಿ ನೊರೆಯ ಜೊತೆ ಒಂದು ಎಳೆ ಹುಲ್ಲು ಬಂತು. ಟ್ಯೂಬ್ ಕೂತ ಮೇಲೆ ಒತ್ತುವುದನ್ನು ನಿಲ್ಲಿಸದೆಯೇ ಎರಡು ಮೂರು ಸೆಕೆಂಡಿಗೆ ಒಂದು ಉಸಿರು. ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರದಲ್ಲಿ ಅಂಕಿ ಹದಿನೈದರ ಸುತ್ತಲೇ ಸುಳಿದಾಡುತ್ತಿತ್ತು. ಎರಡನೆಯ ಅಡ್ರಿನಲಿನ್ ಆದ ಸ್ವಲ್ಪ ಹೊತ್ತಿಗೆ ಅದು ಒಮ್ಮೆಲೇ 38ಕ್ಕೆ ನೆಗೆಯಿತು. ರಕ್ತ ತಾನಾಗಿಯೇ ಶ್ವಾಸಕೋಶಕ್ಕೆ ಓಡತೊಡಗಿದರೆ ಹೀಗೆ ಏರುತ್ತದೆ. ಒತ್ತುವುದನ್ನು ನಿಲ್ಲಿಸಿ ನೋಡಿದರೆ ಬೆರಳಿಗೆ ನಾಡಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ‘ಆಮ್ಲಜನಕ ಇಳಿಸಿ’ ಎಂದರು ಮೇಡಂ.

ಇಲ್ಲಿಂದ ಮುಂದಿನದನ್ನೇ ಯಾರೂ ಕೇಳದಿರುವುದು. ಎದೆಯೊತ್ತುವ ವಿಧಾನವನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮೂವರು ಪ್ರಕಟಿಸಿದರು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಅದಕ್ಕೂ ಕೆಲವು ವರ್ಷ ಮೊದಲು ಪ್ರಯೋಗಗಳಿಂದ ಸಾಧಿಸಿ ತೋರಿಸಿದವರಲ್ಲಿ ಅರಿವಳಿಕೆ ತಜ್ಞ ಪೀಟರ್ ಸಫಾರ್ ಮುಖ್ಯರು. ಹೃದಯ, ಶ್ವಾಸಕೋಶದ ಜೊತೆಗೆ ಮಿದುಳನ್ನೂ ಪುನಶ್ಚೇತನದ ಗುರಿಯಲ್ಲಿ ಸೇರಿಸಬೇಕೆಂದು ಅದೇ ಸಫಾರ್ ಹಟ ಹಿಡಿದರು. ರಕ್ತವಿಲ್ಲದೆ ನೊಂದ ಮಿದುಳಿಗೆ ರಕ್ತ ಮರಳಿದ ಮೇಲೂ ಗಂಟೆಗಳ ಕಾಲ, ದಿನಗಳ ಕಾಲ ಹಾನಿ ಮುಂದುವರಿಯಬಹುದು. ಆಗಿಹೋದ ಹಾನಿಯನ್ನು ಅಳಿಸುವ ಔಷಧಿ ಇಲ್ಲ. ಹೊಸದಾಗಿ ಹಾನಿಯಾಗದಂತೆ ಕಾಯಬಹುದು, ಅಷ್ಟೇ. ಆ ‘ಅಷ್ಟೇ’ಯಲ್ಲಿ ನನ್ನ ಇಡೀ ರಾತ್ರಿ ಪಾಳಿ ಹೋಗುತ್ತದೆ.

ಆಮ್ಲಜನಕ ಇಳಿಸುವುದನ್ನು ಕಂಡು ಗಾಜಿನಾಚೆ ನಿಂತಿದ್ದ ಸೋದರಮಾವ ಗಾಬರಿಯಾದ. ‘ಸಿಸ್ಟರ್, ಫುಲ್ ಕೊಡಿ, ಎಷ್ಟು ದುಡ್ಡಾದರೂ ಕಟ್ಟುತ್ತೇವೆ.’ ದುಡ್ಡಿನ ಮಾತಲ್ಲಪ್ಪ, ಬೇಕಾದ್ದಕ್ಕಿಂತ ಹೆಚ್ಚಿನ ಆಮ್ಲಜನಕವೂ ನೊಂದ ಮಿದುಳಿಗೆ ಕೆಡುಕೇ ಎಂದೆ. ಬೆರಳ ಕ್ಲಿಪ್ಪಿನಲ್ಲಿ 94ರಿಂದ 99ರ ನಡುವೆ ನಿಲ್ಲಬೇಕು. ಮುಳುಗಿದ ಮಗುವಿನ ಶ್ವಾಸಕೋಶ ನಾಲೆಯ ನೀರಿನಿಂದ ಕೆಟ್ಟಿರುತ್ತದೆ, ಗಾಳಿಗೂಡುಗಳು ಮಡಿಚಿಕೊಳ್ಳುತ್ತವೆ. ವೆಂಟಿಲೇಟರಿನ ಒತ್ತಡದಿಂದ ಅವು ತೆರೆದೇ ಇರುವಂತೆ ನೋಡಿಕೊಂಡು ಆಮ್ಲಜನಕದ ಪ್ರಮಾಣ ಇಳಿಸುತ್ತ ಬಂದೆವು. ವೇಗವಾಗಿ ಉಸಿರು ಕೊಡಬೇಕೆಂಬ ಆತುರವನ್ನೂ ತಡೆಯಬೇಕು. ಇಂಗಾಲದ ಡೈಆಕ್ಸೈಡ್ ಬಹಳ ತಗ್ಗಿದರೆ ಮಿದುಳಿನ ರಕ್ತನಾಳಗಳು ಸಂಕುಚಿಸಿ ಇರುವ ರಕ್ತವೂ ಕಡಿಮೆಯಾಗುತ್ತದೆ.

ರಕ್ತದೊತ್ತಡದ ಮೇಲಿನ ಅಂಕಿಗೆ (ಸಿಸ್ಟೋಲಿಕ್) ನಾಲ್ಕು ವರ್ಷದವರ ಕೆಳಗಿನ ಗಡಿ 78: ವಯಸ್ಸಿನ ಎರಡರಷ್ಟಕ್ಕೆ 70 ಸೇರಿಸಿದರೆ ಬರುವ ಅಂಕಿ. ಅದರ ಕೆಳಗೆ ಒಂದು ಸಲವೂ ಇಳಿಯಬಾರದು, ಮೇಲೆ ಆರಾಮಾಗಿ ಇರಬೇಕು. ಮರಳಿ ಬಡಿಯತೊಡಗಿದ ಹೃದಯ ಕೆಲವು ಗಂಟೆ ಸುಸ್ತಾಗಿರುತ್ತದೆ; ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಅದು ಸೋಮಾರಿಯಾಗಿ ಹಿಂಡುವುದು ಕಾಣುತ್ತಿತ್ತು. ಅಡ್ರಿನಲಿನ್ನನ್ನು ಸಿರಿಂಜ್ ಪಂಪಿನಲ್ಲಿ ಹನಿಹನಿಯಾಗಿ ಹರಿಸಿದೆವು. ಸಿರಿಂಜ್ ಮುಗಿಯುವ ಮೊದಲೇ ಇನ್ನೊಂದು ಪಂಪಿನಲ್ಲಿ ಹೊಸದನ್ನು ಓಡಿಸಿ ಆಮೇಲೆ ಹಳೆಯದನ್ನು ತೆಗೆಯಬೇಕು. ಆ ಬದಲಾವಣೆಯ ಒಂದೆರಡು ನಿಮಿಷದಲ್ಲಿ ಒತ್ತಡ ಕುಸಿದರೆ ಇಡೀ ದಿನದ ಶ್ರಮ ನೀರುಪಾಲು.

ಇನ್ನು ಕೌದಿಯ ವಿಷಯ. ಬಂದಾಗ ಮಗುವಿನ ಮೈ 34 ಡಿಗ್ರಿ ಸೆಲ್ಸಿಯಸ್. ಒಳಗೆ ಬರಲು ಅವಕಾಶ ಕೊಟ್ಟಾಗ ಅಜ್ಜಿ ಕಂಕುಳಲ್ಲಿ ಒಂದು ಕೌದಿ ಹಿಡಿದುಕೊಂಡೇ ಬಂದಳು. ಹಳೆಯ ಸೀರೆಗಳನ್ನು ಸೇರಿಸಿ ತಾನೇ ಹೊಲಿದದ್ದು. ‘ಕೂಸು ತಣ್ಣಗಾಗಿದೆಯಲ್ಲ ತಾಯಿ, ಇದನ್ನು ಹೊದಿಸು’ ಎಂದಳು. ತಣ್ಣಗಾದ ಮಗುವನ್ನು ಬೆಚ್ಚಗೆ ಮಾಡಬೇಡಿ ಎಂದು ಯಾವ ಅಜ್ಜಿಗೆ ಹೇಗೆ ಹೇಳುವುದು? ಸರಿಯಾಗಿ ಹೇಳಬೇಕೆಂದರೆ, ಬೆಚ್ಚಗೆ ಮಾಡಬೇಕು, ಆದರೆ ನಿಧಾನವಾಗಿ. ಮತ್ತು ಯಾವ ಕಾರಣಕ್ಕೂ ಜ್ವರ ಬರಲು ಬಿಡಬಾರದು. ಹೃದಯಸ್ತಂಭನದ ನಂತರ ಜ್ವರ ಬಂದರೆ ಮಿದುಳಿಗೆ ಇನ್ನಷ್ಟು ಪೆಟ್ಟು. ಮಕ್ಕಳನ್ನು 33 ಡಿಗ್ರಿಗೆ ತಂಪಾಗಿಸಿ ಇಡುವುದು ಮೇಲೋ, 36.8ರಲ್ಲಿ ಇಡುವುದು ಮೇಲೋ ಎಂದು ಅಮೆರಿಕ ಮತ್ತಿತರ ಕಡೆ ನಡೆಸಿದ ದೊಡ್ಡ ಪ್ರಯೋಗಗಳ ಫಲಿತಾಂಶ 2015ರಲ್ಲಿ ಮತ್ತು 2017ರಲ್ಲಿ ಬಂತು. ಒಂದು ಆಸ್ಪತ್ರೆಯ ಹೊರಗೆ ಹೃದಯ ನಿಂತ ಮಕ್ಕಳ ಬಗ್ಗೆ, ಇನ್ನೊಂದು ಒಳಗೆ ನಿಂತವರ ಬಗ್ಗೆ. ಎರಡರಲ್ಲೂ ಒಂದು ವರ್ಷದ ನಂತರ ಚೆನ್ನಾಗಿ ಬದುಕಿದವರ ಪ್ರಮಾಣದಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು 36.8ರ ಗುಂಪನ್ನು ಸುಮ್ಮನೆ ಬಿಟ್ಟಿರಲಿಲ್ಲ. ಅವರಿಗೂ ಜ್ವರ ಏರದಂತೆ ಯಂತ್ರದಿಂದ ತಡೆದಿದ್ದರು. ನಮ್ಮಲ್ಲಿ ಅನುಸರಿಸುವುದು 36ರಿಂದ 37.5. ತಾಪ ಅಳೆಯಲು ಗುದದ್ವಾರದಲ್ಲಿ ಇಟ್ಟ ಪ್ರೋಬು ಸದಾ ಅಂಕಿ ತೋರಿಸುತ್ತಿರುತ್ತದೆ. ಸಂಜೆಗೆ 36 ಮುಟ್ಟಿತು. ಮಧ್ಯರಾತ್ರಿಯ ನಂತರ 37.6. ಪ್ಯಾರಾಸಿಟಮಾಲ್, ಒದ್ದೆ ಬಟ್ಟೆ, ಫ್ಯಾನು. ತಂಪಿಗೆ ಮೈ ನಡುಗಿದರೆ ಬಿಸಿ ಮತ್ತೆ ಹುಟ್ಟುತ್ತದೆ, ಹಾಗಾಗಿ ನಡುಕ ಬಾರದಂತೆ ಮಂಪರಿನ ಔಷಧಿ. ದಾವಣಗೆರೆಯ ಬೇಸಿಗೆಯಲ್ಲಿ ಒಂದೂವರೆ ಡಿಗ್ರಿಯ ಆ ಕಿರಿದಾದ ಗಡಿಯೊಳಗೆ ಒಂದು ಮಗುವನ್ನು ಇಡುವುದು ಹೇಳಿದಷ್ಟು ಸುಲಭವಲ್ಲ.

ಕೌದಿಯನ್ನು ಮಡಿಚಿ ಮಗುವಿನ ಕಾಲಿನ ಕಡೆ, ಮೈಗೆ ತಾಗದಂತೆ ಇಟ್ಟೆ. ನಿಯಮದ ಪ್ರಕಾರ ಹೊರಗಿನ ಬಟ್ಟೆ ಒಳಗೆ ಬರಬಾರದು. ಇನ್‌ಚಾರ್ಜ್ ಸಿಸ್ಟರ್ ನೋಡಿದರು, ‘ಬಿಸಿಲಿಗೆ ಹಾಕಿಸಿ, ಕವರಿನಲ್ಲಿ ಇಡು’ ಎಂದರು, ಅಷ್ಟಕ್ಕೇ ಬಿಟ್ಟರು.

ಮೊದಲ ರಾತ್ರಿ ನನ್ನ ಕಣ್ಣು ಹೆಚ್ಚು ನೆಟ್ಟಿದ್ದು ಆ ಹುಡುಗಿಯ ಎಡಗೈ ಹೆಬ್ಬೆರಳಿನ ಮೇಲೆ. ಗಂಟೆಗೊಮ್ಮೆ ಟಾರ್ಚು ಬಿಟ್ಟು ಪಾಪೆ ನೋಡುವುದು, ಸಕ್ಕರೆ ಅಂಶ ಪರೀಕ್ಷಿಸುವುದು, ಮೂತ್ರ ಅಳೆಯುವುದು, ಮಂಚದ ತಲೆಭಾಗ 30 ಡಿಗ್ರಿ ಎತ್ತಿ ಕುತ್ತಿಗೆ ನೇರವಾಗಿದೆಯೇ ಎಂದು ನೋಡುವುದು, ಇವೆಲ್ಲ ಚಾರ್ಟಿನಲ್ಲಿ ಬರೆಯುವ ಕೆಲಸಗಳು. ಹೆಬ್ಬೆರಳು ಚಾರ್ಟಿನಲ್ಲಿ ಇರುವುದಿಲ್ಲ. ಸ್ಪ್ಲಿಂಟಿನ ಬಟ್ಟೆಯ ಅಂಚಿನಲ್ಲಿ ಅದು ಒಂದೇ ಸಮನೆ ಅಲುಗುತ್ತಿತ್ತು: ಅಲುಗು, ನಿಲ್ಲು, ಅಲುಗು, ನಿಲ್ಲು. ನನ್ನ ಕೈಯಲ್ಲಿ ಹಿಡಿದೆ, ಹಿಡಿದರೂ ನಿಲ್ಲಲಿಲ್ಲ. ಚಳಿಯ ನಡುಕವಾಗಿದ್ದರೆ ಹಿಡಿದಾಗ ನಿಲ್ಲುತ್ತಿತ್ತು. ಹೃದಯಸ್ತಂಭನದ ನಂತರ ಮಿದುಳಿನಲ್ಲಿ ಫಿಟ್ಸ್ ಬರುವುದು ಅಪರೂಪವಲ್ಲ. ಮಂಪರಿನಲ್ಲಿರುವ ಮಗುವಿನಲ್ಲಿ ಅದು ಕೈಕಾಲು ಜಾಡಿಸಿ ಕಾಣಿಸಿಕೊಳ್ಳುವುದಿಲ್ಲ. ಒಂದು ರೆಪ್ಪೆ, ಒಂದು ತುಟಿಯ ಮೂಲೆ, ಒಂದು ಬೆರಳು. ಕೆಲವೊಮ್ಮೆ ಅದೂ ಇಲ್ಲ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇ.ಇ.ಜಿ.ಯಲ್ಲಿ ಮಾತ್ರ ಗೊತ್ತಾಗುತ್ತದೆ. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆ. ಅವರೂ ಬಂದು ಬೆರಳನ್ನೇ ನೋಡುತ್ತ ನಿಂತರು, ಫಿಟ್ಸ್ ತಡೆಯುವ ಲೆವೆಟಿರಾಸಿಟಾಮ್ ಹಾಕಲು ಹೇಳಿದರು. ಬೆಳಿಗ್ಗೆ ಇ.ಇ.ಜಿ. ಅದನ್ನೇ ಹೇಳಿತು.

ತಂದೆ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದ: ‘ಮೊದಲಿನ ಹಾಗೆ ಆಗುತ್ತಾಳಾ?’ ಮೇಡಂ ಅವನನ್ನು ಕೂರಿಸಿ, ತಾವೂ ಕೂತು, ಪ್ರತಿದಿನ ಒಂದೇ ಉತ್ತರ ಕೊಟ್ಟರು. ಕನಿಷ್ಠ 72 ಗಂಟೆ ಕಳೆಯಬೇಕು, ಜ್ವರ, ಮಂಪರಿನ ಔಷಧಿ ಎಲ್ಲ ಇಳಿಯಬೇಕು; ಪಾಪೆ, ಇ.ಇ.ಜಿ., ಎಂ.ಆರ್.ಐ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಬೇಕು, ಯಾವುದೋ ಒಂದನ್ನೇ ಹಿಡಿದು ಭವಿಷ್ಯ ಹೇಳಬಾರದು. ಅವನಿಗೆ ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸಿತು, ಸಹಜವೇ. ಎರಡನೆಯ ದಿನ ಸಂಬಂಧಿಕರಲ್ಲಿ ಒಬ್ಬ ‘ಸುಮ್ಮನೆ ಮಿಷನ್ ಮೇಲೆ ಇಟ್ಟುಕೊಂಡಿದ್ದಾರೆ, ಬಿಲ್ ಏರಿಸಲು’ ಎಂದು ಕಾರಿಡಾರಿನಲ್ಲಿ ಹಬ್ಬಿಸಿದ. ಬಿ.ಪಿ.ಎಲ್. ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅರ್ಜಿ ಹೋಗಿತ್ತು. ಕಾಗದ ತೋರಿಸಿದ ಮೇಲೆ ಆ ಗುಲ್ಲು ಅಡಗಿತು.

ಇನ್ನೊಂದು ಬಿಸಿ ಕಾರಿಡಾರಿನಲ್ಲಿ ಇತ್ತು, ಅದನ್ನು ಇಳಿಸುವ ಔಷಧಿ ನಮ್ಮಲ್ಲಿರಲಿಲ್ಲ. ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಿದ್ದಳು. ಮಗುವನ್ನು ನಾಲೆಗೆ ಕರೆದುಕೊಂಡು ಹೋದದ್ದು ಅಜ್ಜಿಯಲ್ಲವೇ. ಊಟದ ಡಬ್ಬಿ ಬಂದರೆ ಒಬ್ಬಳು ಈ ಬೆಂಚಿನಲ್ಲಿ, ಇನ್ನೊಬ್ಬಳು ಆ ಬೆಂಚಿನಲ್ಲಿ. ಅಜ್ಜಿ ಉಣ್ಣುತ್ತಲೇ ಇರಲಿಲ್ಲ. ಈ ಮಗುವಿಗೆ ಮುಂದೆ ತಿಂಗಳುಗಟ್ಟಲೆ ಕೈಕಾಲು ಆಡಿಸುವವರು, ಊಟ ಮಾಡಿಸುವವರು ಯಾರು? ತಾಯಿ ಹೊಲದ ಕೆಲಸಕ್ಕೆ ಹೋಗಲೇಬೇಕು. ಅಜ್ಜಿಯೇ. ನಾನು ಇಬ್ಬರನ್ನೂ ಒಂದೇ ಹೊತ್ತಿಗೆ ಒಳಗೆ ಕರೆದು ಕೆಲಸ ಹಂಚಿದೆ: ‘ಅಜ್ಜಿ, ನೀವು ಬಲಗೈ. ಅಮ್ಮ, ನೀನು ಎಡಗೈ. ಮೊಣಕೈ ಹೀಗೆ ಮಡಿಚಿ, ಹೀಗೆ ಬಿಡಿಸಿ, ಮಾತಾಡುತ್ತ ಮಾಡಿ, ಅವಳಿಗೆ ಕೇಳಿಸಬಹುದು.’ ಮೊದಲ ದಿನ ಇಬ್ಬರೂ ಮಗುವಿನ ಜೊತೆ ಮಾತ್ರ ಮಾತಾಡಿದರು. ಆಮೇಲೆ ಅಜ್ಜಿ ‘ಬೆರಳು ಬಿಗಿಯಾಗಿವೆ, ನೋಡು’ ಎಂದಾಗ ಸೊಸೆ ನೋಡಿದಳು.

ಎಲ್ಲ ಮಕ್ಕಳೂ ಹೀಗೆ ಮುಂದಿನ ಹಂತಕ್ಕೆ ಬರುವುದಿಲ್ಲ. ಅದೇ ವಾರ ನ್ಯುಮೋನಿಯಾದ ಒಂದು ಹಸುಗೂಸಿಗೆ ಎರಡೂ ಹೆಬ್ಬೆರಳಿನಿಂದ ಎದೆಯೊತ್ತುತ್ತಲೇ ಇದ್ದೆವು, ಕಾರಣಗಳನ್ನೆಲ್ಲ ಒಂದೊಂದಾಗಿ ಹುಡುಕಿದೆವು: ಆಮ್ಲಜನಕ, ರಕ್ತದ ಪ್ರಮಾಣ, ಸಕ್ಕರೆ, ಪೊಟ್ಯಾಸಿಯಂ, ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿ. ನಾಡಿ ಬರಲಿಲ್ಲ. ಒತ್ತುವುದನ್ನು ನಿಲ್ಲಿಸುವ ಮೊದಲು ಮೇಡಂ ತಾಯಿಯನ್ನು ಒಳಗೆ ಕರೆಸಿ ಮಗುವಿನ ತಲೆಯ ಬಳಿ ನಿಲ್ಲಿಸಿದರು. ಮನೆಯವರನ್ನು ಹೊರಗೆ ನೂಕಬಾರದು, ಇರಬಯಸಿದರೆ ಇರಲು ಬಿಡಬೇಕು ಎಂಬುದು ಇಂದಿನ ಮಾರ್ಗಸೂಚಿಗಳ ಮಾತೂ ಹೌದು. ಹತ್ತಿಪ್ಪತ್ತು ಜನ ಟ್ರ್ಯಾಕ್ಟರಿನಲ್ಲಿ ಬಂದಿಳಿಯುವ ನಮ್ಮ ಕಡೆ ಅದನ್ನು ಪಾಲಿಸುವುದು ಕಷ್ಟ. ಒಬ್ಬರು ಅಥವಾ ಇಬ್ಬರು, ಪಕ್ಕದಲ್ಲಿ ಎಲ್ಲವನ್ನೂ ವಿವರಿಸಲು ಒಬ್ಬ ನರ್ಸ್ ಎಂದು ಮಾಡಿಕೊಂಡಿದ್ದೇವೆ. ಆಗಿದ್ದನ್ನೆಲ್ಲ ಕಂಡ ತಾಯಂದಿರು ಆಮೇಲೆ ‘ಏನೂ ಮಾಡಲಿಲ್ಲ’ ಎಂದು ಹೇಳಿದ್ದು ನನಗೆ ನೆನಪಿಲ್ಲ.

ನಾಲೆಯ ಹುಡುಗಿ ಮೂರನೆಯ ದಿನ ಟ್ಯೂಬ್ ಕಚ್ಚತೊಡಗಿದಳು, ಸಕ್ಷನ್ ಹಾಕಿದರೆ ಕೈ ಎತ್ತಿ ತಳ್ಳಲು ನೋಡಿದಳು. ನಮ್ಮ ಕೈ ತಳ್ಳುವ ಮಗುವೆಂದರೆ ನಮಗೆ ಬಹಳ ಇಷ್ಟ. ಶ್ವಾಸಕೋಶ ಸುಧಾರಿಸಿದ ಮೇಲೆ ಟ್ಯೂಬ್ ತೆಗೆದೆವು. ದನಿ ಒಡೆದಿತ್ತು. ನೀರು ಕೊಟ್ಟರೆ ಕೆಮ್ಮು. ನುಂಗುವ ಪರೀಕ್ಷೆ ಮಾಡದೆ ಬಾಯಿಗೆ ಏನೂ ಹಾಕಬೇಡಿ ಎಂದು ಮಂಚದ ಮೇಲೆ ಚೀಟಿ ಅಂಟಿಸಿದೆವು, ಆದರೂ ದೊಡ್ಡಮ್ಮ ಒಬ್ಬರು ದುರ್ಗಾಂಬಿಕೆಯ ತೀರ್ಥ ಹಾಕಲು ಬಂದಿದ್ದರು. ತುಟಿಗೆ ಸವರಿ ಸಾಕು ಎಂದೆ. ಅಮ್ಮನನ್ನು ಗುರುತಿಸಿದಳು. ಆದರೆ ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿಯ ಬಾಯಲ್ಲಿ ಮೊದಮೊದಲು ಒಂದೆರಡೇ ಪದ, ಎಡಗೈಯಲ್ಲಿ ಬಿಗಿತ, ಕಾರಣವಿಲ್ಲದೆ ರೊಚ್ಚಿಗೇಳುವುದು, ರಾತ್ರಿ ಚೀರಿ ಏಳುವುದು. ವಾರ್ಡಿಗೆ ಹೋದ ಮೇಲೆ ಫಿಸಿಯೋಥೆರಪಿ ದಿನಕ್ಕೆ ಎರಡು ಬಾರಿ.

ಮನೆಗೆ ಕಳುಹಿಸುವ ದಿನ ‘ಗುಣವಾಯಿತು’ ಎಂದು ಬರೆಯುವ ಆತುರ ಎಲ್ಲರಿಗೂ ಇರುತ್ತದೆ. ಮೇಡಂ ಡಿಸ್ಚಾರ್ಜ್ ಸಾರಾಂಶದಲ್ಲಿ ಮುಂದಿನದನ್ನೇ ಉದ್ದವಾಗಿ ಬರೆದರು: ಫಿಟ್ಸ್ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು, ಕಣ್ಣು, ಕಿವಿ, ಮಾತು, ನಡಿಗೆ ಒಂದೊಂದನ್ನೂ ಪರೀಕ್ಷಿಸಬೇಕು, ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ನೋಂದಾಯಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳ ಥೆರಪಿಗೆಂದೇ ಈ ಕೇಂದ್ರಗಳಿವೆ, ದುಡ್ಡು ಕೊಡಬೇಕಿಲ್ಲ. ಊರಿನ ಆಶಾ ಕಾರ್ಯಕರ್ತೆಯ ಮೊಬೈಲ್ ಸಂಖ್ಯೆ ಬರೆದುಕೊಂಡು, ಅವರ ಎದುರಿಗೇ ಕರೆ ಮಾಡಿ ತಿಳಿಸಿದೆ. ಹಾಳೆ ಕೊಟ್ಟು ಕಳುಹಿಸಿದರೆ ಅದು ದೇವರ ಫೋಟೋದ ಹಿಂದೆ ಸೇರುತ್ತದೆ.

ತಪಾಸಣೆಗೆ ಬಂದಾಗಲೆಲ್ಲ ಅಜ್ಜಿಯೇ ಕರೆತರುತ್ತಾಳೆ. ಹುಡುಗಿ ಈಗ ನಡೆಯುತ್ತಾಳೆ, ಮಾತು ಬಹುಮಟ್ಟಿಗೆ ಮರಳಿದೆ, ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಇನ್ನೂ ಬರುವುದಿಲ್ಲ. ಗಮನ ನಿಲ್ಲುವುದಿಲ್ಲ ಎಂದು ಅಂಗನವಾಡಿ ಟೀಚರ್ ಹೇಳಿಕಳುಹಿಸಿದ್ದಾರೆ. ಹೃದಯಸ್ತಂಭನ ಕಂಡ ಮಕ್ಕಳಲ್ಲಿ ಕೆಲವು ತೊಂದರೆಗಳು ಅಕ್ಷರ, ಲೆಕ್ಕ ಕಲಿಯುವ ಹೊತ್ತಿಗೆ ಮಾತ್ರ ಹೊರಬೀಳುತ್ತವೆ. ಹಾಗಾಗಿ ಒಂದನೆಯ ತರಗತಿಗೆ ಸೇರಿಸುವ ಮೊದಲು ಇನ್ನೊಂದು ಕಲಿಕಾ ಪರೀಕ್ಷೆ ಮಾಡಿಸಲು ಚೀಟಿ ಬರೆದುಕೊಟ್ಟಿದ್ದಾರೆ. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ಮೇ ತಿಂಗಳಲ್ಲಿಯೇ ಬನ್ನಿ, ಆಮೇಲೆ ಸರತಿ ಉದ್ದವಾಗುತ್ತದೆ ಎಂದು ಅಜ್ಜಿಗೆ ಹೇಳಿದ್ದೇನೆ.